ಲಡಾಯಿಗೆ ಹೋಗದ ವಿಮಾನ

ಗುಲಬರ್ಗಾ ಇನ್ನೂ ಕಲಬುರಗಿ ಆಗಿರದ ದಿನಗಳವು. ನಮ್ಮ ಪಾಲಿಗೆ ವಿಮಾನ ಅಂದರೆ ಬೀದರ ಕಡೆಯಿಂದ ಬಂದು ನೆತ್ತಿ ಮೇಲೆ ಹಾಯ್ದು ಹೋಗುವ ಸಪ್ಪಳ. ತಲೆ ಎತ್ತುವಷ್ಟರಲ್ಲಿ ಅದು ಇರುತ್ತಿರಲಿಲ್ಲ. ಬೇಸಿಗೆ ಸೂಟಿ ಬಿಟ್ಟ ಕೂಡಲೇ ಬ್ರಹ್ಮಪುರದ ಮನೆಯಿಂದ ನನ್ನನ್ನು ಕಮಲಾಪುರಕ್ಕೆ, ಅಪ್ಪನ ತಾಯಿಯ ಹತ್ತಿರ ಕಳಿಸುತ್ತಿದ್ದರು. ಆಕೆಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿಯ ಮನೆಯ ಒಳಕೋಣೆಯಲ್ಲಿ ಹುಲ್ಲಿನಲ್ಲಿ ಮುಚ್ಚಿಟ್ಟ ಕೆಂಪು ಬಾಳೆಗೊನೆಗಳು ಹಣ್ಣಾಗುತ್ತಿದ್ದವು. ಆ ಸಿಹಿ ವಾಸನೆ ನಮ್ಮ ಹಾಸಿಗೆಗೂ ಹತ್ತಿರುತ್ತಿತ್ತು.

ಅಪ್ಪನ ತಮ್ಮ ಶರಣು ಕಾಕಾ ವಾಯುಪಡೆಯಲ್ಲಿದ್ದ. ರಜೆಗೆ ಬಂದಾಗೊಮ್ಮೆ ಕೇಳಿದ್ದೆ.

"ಕಾಕಾ, ನೀ ವಿಮಾನ ಹಾರಸ್ತಿಯೇನು?"

"ಇಲ್ಲವ್ವಾ. ಅಜೀತ್ ಅಂತ ಒಂದು ವಿಮಾನ ಅದ, ಅದರ ಬಂದೂಕಿಗೆ ಗುಂಡು ತುಂಬ್ತೀನಿ. ಆಮ್ಯಾಲ ತಗೀತೀನಿ."

"ಯಾಕ ತಗೀತಿ?"

"ಲಡಾಯಿ ಎಲ್ಲದ? ಅದಕ್ಕ."

ನಾನು ಹೇಳುತ್ತಿರುವ ಬೇಸಿಗೆಗೆ ಮುಂಚಿನ ಚಳಿಗಾಲದಲ್ಲಿ ಕಾಕಾ ಉತ್ತರದ ಯಾವುದೋ ಊರಿನ ದವಾಖಾನೆಯಲ್ಲಿ ಕಾಮಾಲೆಯಾಗಿ ತೀರಿಕೊಂಡ. ಮದುವೆ ಇನ್ನೂ ಆಗಿರಲಿಲ್ಲ. ಮಣ್ಣಿಗೆ ನಮ್ಮಂಥ ಮಕ್ಕಳನ್ನು ಕರೆದೊಯ್ಯಲಿಲ್ಲ. ಬೇಸಿಗೆಯಲ್ಲಿ ನಾನು ಹೋದಾಗ ಆಯಿ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದಳು. ಪುಂಡಿ ಪಲ್ಯಕ್ಕೆ ಉಪ್ಪು ಸರಿಯಾಗೇ ಇರುತ್ತಿತ್ತು. ಮಾತು ಮಾತ್ರ "ಉಣ್ಣು", "ಮಲ್ಕೋ" ಇಷ್ಟಕ್ಕೆ ಬಂದಿತ್ತು. ನಾನು ಪಡಸಾಲೆಯಲ್ಲಿ ಒಬ್ಬಳೇ ಕಲ್ಲಾಟ ಆಡುತ್ತಿದ್ದರೆ ಎದುರಿಗೆ ಕೂತು ನೋಡುತ್ತಿದ್ದಳು. ಆದರೆ ಯಾವ ಕಲ್ಲು ಬಿತ್ತೆಂದು ಕೇಳಿದರೆ ಹೇಳಲಾರಳು.

ಒಂದು ಭಾನುವಾರ ಬೆಳಿಗ್ಗೆ ಕಾಕಾನಿಗೆ ಪಾಠ ಹೇಳಿದ್ದ ಶಿವರಾಯ ಮಾಸ್ತರರು ಬಂದರು. ಗುಲಬರ್ಗಾದ ನೆಹರು ಗಂಜಿನ ಬೇಳೆ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ ಅಪ್ಪನೂ ಅಂದು ಊರಿಗೆ ಬಂದಿದ್ದ.

"ಸಾಲಿ ಬಾಗಿಲಿಗೆ ಶರಣೂನ ಹೆಸರಿನ ಕಲ್ಲು ಹಾಕ್ತೀವಿ, ಯವ್ವಾ. ಊರ ಮಂದಿ ಒಪ್ಯಾರ," ಅಂದರು ಮಾಸ್ತರರು.

"ಏನಂತ ಕೆತ್ತಸ್ತೀರಿ?"

"ದೇಶಕ್ಕಾಗಿ ಹೋರಾಡಿ ಮಡಿದ ವೀರ ಅಂತ."

"ಅವಗ ಕಾಮಾಲಿ ಆಗಿತ್ತರಿ," ಅಂದಳು ಆಯಿ.

"ಅದನ್ನ ಕಲ್ಲಿನ ಮ್ಯಾಲ ಬರಿಯೂದು ಬ್ಯಾಡ. ನೌಕರಿಯೊಳಗ ಇದ್ದಾಗೇ ಹೋದನಲ್ಲ. ನೀವು ಹೂಂ ಅಂದ್ರ ನಾಳೇನೆ ಕಲ್ಲು ಕಡಿಯಾಕ ಕೊಡ್ತೀನಿ."

ಮಾಸ್ತರರು ಹೋದ ಮೇಲೆ ಅಪ್ಪ ಮೆಲ್ಲಗೆ ಹೇಳಿದ, "ಹೂಂ ಅನ್ನು, ಯವ್ವಾ. ಅವಗ ಹೆಂಡತಿ ಇಲ್ಲ, ಮಕ್ಕಳಿಲ್ಲ. ಹೆಸರರೆ ಉಳೀಲಿ." ಆಯಿ ಹಿಟ್ಟು ನಾದುತ್ತಲೇ ಇದ್ದಳು.

ಮಧ್ಯಾಹ್ನ ರಸ್ತೆ ಕಡೆ ಗದ್ದಲವಾಯಿತು. ಓಡಿ ಹೋಗಿ ನೋಡಿದರೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಉದ್ದನೆ ಲಾರಿ, ಅದರ ಮೇಲೆ ಹಗ್ಗ ಬಿಗಿದ ವಿಮಾನ. ರೆಕ್ಕೆ ಬಿಚ್ಚಿ ಗೋಣಿತಾಟು ಸುತ್ತಿ ಪಕ್ಕದಲ್ಲಿ ಮಲಗಿಸಿದ್ದರು. ಗುಲಬರ್ಗಾದ ಒಂದು ಕಾಲೇಜಿನ ಅಂಗಳದಲ್ಲಿ ನಿಲ್ಲಿಸಲು ಒಯ್ಯುತ್ತಿದ್ದರಂತೆ. ಟೈರು ಪಂಕ್ಚರ್ ಆಗಿತ್ತು. ನಾನು ಮನೆಗೆ ಓಡಿ ಹೇಳಿದೆ. ಆಯಿ ಒಲೆಯ ಬೆಂಕಿ ಹಿಂದಕ್ಕೆ ಸರಿಸಿ, ಕೈ ತೊಳೆದು, ಸೆರಗು ಹೊದ್ದು ಹೊರಟಳು. ಹಿಂದೆ ಅಪ್ಪ, ನಾನು.

ಲಾರಿಯ ಜೊತೆ ವಾಯುಪಡೆಯ ಒಬ್ಬ ನಡುವಯಸ್ಸಿನ ಸಾರ್ಜೆಂಟ್ ಇದ್ದ. ಆತನದು ಹಿಂದಿ, ಆಯಿಯದು ಸಂತೆಯಲ್ಲಿ ಕಲಿತ ದಖನಿ ಉರ್ದು. ಇಬ್ಬರಿಗೂ ತಿಳಿಯುತ್ತಿತ್ತು.

"ಇದು ಎಷ್ಟು ಮಂದೀನ ಕೊಂದದ?" ಎಂದು ಕೇಳಿದಳು ಆಯಿ.

ಆತ ಚಹಾದ ಲೋಟ ಕೆಳಗಿಟ್ಟ. "ಒಬ್ಬರನ್ನೂ ಇಲ್ಲ, ಮಾಜೀ. ಮಾಡಿದ್ದು ಲಡಾಯಿಗಂತಲೇ. ಇದು ತಯಾರಾಗಿ ಬರುವ ಹೊತ್ತಿಗೆ ಹಳೆಯ ಲಡಾಯಿ ಮುಗಿದಿತ್ತು. ಇನ್ನೊಂದು ಬರುವುದರೊಳಗೆ ಇದಕ್ಕೇ ವಯಸ್ಸಾಯಿತು."

"ಇದೊಂದೇನು, ಎಲ್ಲಾನೂ?"

"ಅಜೀತ್ ಅಂತ ಇದರ ಹೆಸರು. ಈ ಜಾತಿಯದು ಒಂದೂ ಲಡಾಯಿಗೆ ಹೋಗಲಿಲ್ಲ."

"ನನ್ನ ಮಗ ಇದಕ್ಕ ಗುಂಡು ತುಂಬ್ತಿದ್ದ," ಅಂದಳು ಆಯಿ. ಮಗನ ಹೆಸರನ್ನೂ ಹೇಳಿದಳು.

ಆತ, ತಾನು ಬೇರೆ ಕಡೆ ಇದ್ದೆ, ಗೊತ್ತಿಲ್ಲ ಎಂದ. ಆಮೇಲೆ ಹೋಟೆಲಿನಿಂದ ಒಂದು ಸ್ಟೂಲು ತರಿಸಿ ಆಯಿಯನ್ನು ಲಾರಿ ಹತ್ತಿಸಿದ. ವಿಮಾನದ ಪಕ್ಕೆಯಲ್ಲಿದ್ದ ಒಂದು ಮುಚ್ಚಳ ತೆಗೆದು, "ತುಂಬುವುದು ಇಲ್ಲೇ," ಅಂದ. ಆಯಿ ಮೊಳಕೈವರೆಗೂ ಒಳಗೆ ಕೈ ಹಾಕಿದಳು.

"ಖಾಲಿ ಅದ."

"ಬಂದೂಕು ತೆಗೆದಿದ್ದಾರೆ, ಮಾಜೀ."

ಇನ್ನೊಂದು ಅಂಗೈಯನ್ನು ಆಕೆ ತಗಡಿನ ಮೇಲೆ ಊರಿದ್ದಳು. ಆ ಬಿಸಿಲಿಗೆ ತಗಡು ಹೆಂಚಿನಂತೆ ಕಾದಿತ್ತು. ಲಾರಿ ಹತ್ತಿದ ಊರ ಹುಡುಗರು ಮುಟ್ಟಿ ಮುಟ್ಟಿ ಕೈ ಎಳೆದುಕೊಳ್ಳುತ್ತಿದ್ದರು. "ಕೈ ಸುಡ್ತದ, ಇಳಿ ಯವ್ವಾ," ಅಂದ ಅಪ್ಪ. "ಹೂಂ," ಅಂದಳು, ಇಳಿಯಲಿಲ್ಲ. ಟೈರು ಹಾಕಿ ಡ್ರೈವರ್ ಹಾರ್ನ್ ಹೊಡೆದ ಮೇಲೆ ಅಪ್ಪನೇ ಎತ್ತಿ ಇಳಿಸಿದ. ಅಂಗೈ ಕೆಂಪಾಗಿತ್ತು. ಉರಿತದೇನು ಎಂದು ಕೇಳಿದೆ. "ಏನೂ ಗೊತ್ತಾಗವಲ್ದು," ಅಂದಳು.

ಸಂಜೆ ನನ್ನನ್ನು ಕರೆದುಕೊಂಡು ಮಾಸ್ತರರ ಮನೆಗೆ ಹೋದಳು.

"ಹೋರಾಡಿ ಅಂತ ಕೆತ್ತಸಬ್ಯಾಡ್ರಿ. ನನ್ನ ಮಗ ಯಾರ ಸಂಗಡನೂ ಹೋರಾಡಿಲ್ಲ. ಗುಂಡು ತುಂಬ್ಯಾನ, ತಗದಾನ. ಕಾಮಾಲಿ ಬಂದು ಸತ್ತಾನ. ಬರದ್ರ ಅಷ್ಟೇ ಬರಸ್ರಿ."

"ಹಂಗ ಬರದ್ರ ಕಲ್ಲಿಗೆ ಊರ ಮಂದಿ ಒಪ್ಪತಾರೇನು, ಯವ್ವಾ?"

"ಒಪ್ಪದಿದ್ರ ಬಿಡ್ರಿ."

ಕಲ್ಲು ಬರಲಿಲ್ಲ. ಸತ್ತ ತಮ್ಮನನ್ನು ತಾಯಿಯೇ ಇನ್ನೊಮ್ಮೆ ಮಣ್ಣು ಮಾಡಿದಳು ಎಂದು ಅಪ್ಪನಿಗೆ ಅನ್ನಿಸಿರಬೇಕು. ಮಳೆ ಹಿಡಿಯುವವರೆಗೂ ಆಕೆಯೊಡನೆ ಮಾತಾಡಲಿಲ್ಲ. ಭಾನುವಾರ ಬರುತ್ತಿದ್ದ, ಉಣ್ಣುತ್ತಿದ್ದ, ಬಸ್ಸು ಹತ್ತುತ್ತಿದ್ದ. ಆಯಿ ಇನ್ನೊಂದು ರೊಟ್ಟಿ ಅವನ ತಾಟಿಗೆ ಹಾಕುತ್ತಿದ್ದಳು. ಅವನು ಬೇಡವೆನ್ನುತ್ತಿರಲಿಲ್ಲ.

ಆ ವಿಮಾನ ಕಾಲೇಜಿನ ಅಂಗಳದಲ್ಲಿ ಬಹಳ ವರ್ಷ ನಿಂತಿತ್ತು. ದೊಡ್ಡವಳಾದ ಮೇಲೆ ಆ ರಸ್ತೆಯಲ್ಲಿ ಓಡಾಡುವಾಗ ನೋಡುತ್ತಿದ್ದೆ. ನಿಂತು ನೋಡಬೇಕು ಎಂದು ಅನ್ನಿಸುತ್ತಿರಲಿಲ್ಲ. ಹೊಸ ಕಟ್ಟಡ ಎದ್ದಾಗ ಅದನ್ನು ಎಲ್ಲಿಗೋ ಸಾಗಿಸಿದರು. ಮಾಸ್ತರರು ಹೋದರು, ಆಯಿ ಹೋದಳು. "ಸುಳ್ಳರೆ ಇರ್ಲಿ, ಕಲ್ಲು ಹಾಕಸಬೇಕಿತ್ತು," ಎಂದು ಅಪ್ಪ ಕೊನೆಯ ಕಾಯಿಲೆಯಲ್ಲಿ ಒಮ್ಮೆ ಅಂದ. ಆಯಿ ಮಾಡಿದ್ದೇ ಸರಿ ಎಂದು ಅಲ್ಲಿಯವರೆಗೆ ನಂಬಿದ್ದೆ. ಆಮೇಲೆ ಹಾಗೂ ಅನ್ನಿಸಿಲ್ಲ, ಹೀಗೂ ಅನ್ನಿಸಿಲ್ಲ.

ಈಗ ನನಗೆ ಕಾಕಾನಿಗಿಂತ ಹೆಚ್ಚು ವಯಸ್ಸು. ಮನೆಯಲ್ಲಿ ಅವನನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ಅವನ ದನಿ ಮರೆತಿದೆ. ಮುಖ ನೆನೆಸಿಕೊಂಡರೆ ಒಂದೇ ಮಗ್ಗುಲು ಬರುತ್ತದೆ, ಕಟ್ಟೆಯ ಮೇಲೆ ಕೂತು ಬೀದಿ ನೋಡುತ್ತಿರುವ ಬಲಮಗ್ಗುಲು. ಇನ್ನೊಂದು ಮಗ್ಗುಲು ಹೇಗಿತ್ತು ಎಂದು ಕೇಳೋಣವೆಂದರೆ ಯಾರೂ ಇಲ್ಲ.