ಬಿಸ್ಕತ್ತಿಗೂ ಒಂದು ಪರೀಕ್ಷೆ

ಬೇಕರಿಯ ಸೊಸೆಯನ್ನು ಮನೆಯವರೆಲ್ಲ ಮೊಂಡಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಮಾವ. ಮದುವೆಯಾಗಿ ಬಂದ ಹೊಸದರಲ್ಲೇ, ಬೂಷ್ಟು ಹಿಡಿದ ಬ್ರೆಡ್ಡು ಮಾರುವುದಿಲ್ಲವೆಂದು ಗಲ್ಲಾದ ಮುಂದೆ ಪಟ್ಟು ಹಿಡಿದು ನಿಂತವಳಿಗೆ ಬೇರಾವ ಹೆಸರು ತಾನೇ ಸಿಕ್ಕೀತು? ಅವಳೇನೂ ಬೇಸರಿಸಿಕೊಳ್ಳಲಿಲ್ಲ.

ಈ ಸಲ ಮಾತ್ರ ಮಗಳ ಪ್ರಾಣದ ಪ್ರಶ್ನೆ. ಆರು ವರ್ಷದ ಪುಟ್ಟಿ ತಾತನ ಹೆಸರುವಾಸಿ ಬಾದಾಮಿ ಬಿಸ್ಕತ್ತನ್ನು ತಿಂದದ್ದು ಎರಡೇ ಸಲ. ಮೊದಲ ಸಲ ತುಟಿ ಊದಿತು. ಎರಡನೆಯ ಸಲ ಉಸಿರಿಗೆ ಒದ್ದಾಡಿದಳು. ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕಾಯಿತು. ಬಾದಾಮಿಯ ಅಲರ್ಜಿ ಇರಬಹುದೆಂದು ಮಕ್ಕಳ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಮುಂಗೈ ಮೇಲೆ ಬಾದಾಮಿ ಸತ್ವದ ಹನಿಯಿಟ್ಟು ಮೆಲ್ಲಗೆ ಚುಚ್ಚಿಯೂ ನೋಡಿದರು. ಅಲರ್ಜಿಯಿದ್ದರೆ ಚುಚ್ಚಿದ ಜಾಗ ಸೊಳ್ಳೆ ಕಚ್ಚಿದಂತೆ ಉಬ್ಬಬೇಕು. ಉಬ್ಬಲಿಲ್ಲ. ರಕ್ತದಲ್ಲೂ ಏನೂ ಸಿಗಲಿಲ್ಲ.

ಮಾವನಿಗೆ ಆನೆಬಲ ಬಂದಂತಾಯಿತು.

“ನೋಡಿದ್ಯೇನಮ್ಮಾ? ಎಲ್ಲಾ ನಿನ್ನ ಭ್ರಮೆ. ಸುಮ್ಮನೆ ಅಂಗಡಿ ಹೆಸರು ಕೆಡಿಸ್ತೀಯ. ಬಾ ಪುಟ್ಟಿ, ತಗೋ,” ಎಂದು ಒಂದು ಬಿಸ್ಕತ್ತನ್ನು ಮೊಮ್ಮಗಳ ಮುಂದೆ ಹಿಡಿದರು.

ಮೊಂಡಿ ಅದನ್ನು ಕಸಿದುಕೊಂಡಳು. “ಉಸಿರು ಸಿಗದೆ ಒದ್ದಾಡಿದ್ದು ನನ್ನ ಮಡಿಲಲ್ಲಿ, ಮಾವ. ಭ್ರಮೆಯಂತೆ ಭ್ರಮೆ!”

ಬಿಸ್ಕತ್ತನ್ನು ಕಾಗದದ ಚೀಲಕ್ಕೆ ಹಾಕಿ, ಮೈದಾ ಮೆತ್ತಿದ ಕೈಯಲ್ಲೇ ಮಗಳ ಕೈ ಹಿಡಿದು ಆಸ್ಪತ್ರೆಗೆ ನಡೆದಳು.

“ನಿಮ್ಮ ಬಾಟಲಿ ಬಾದಾಮಿ ಬೇಡ ಡಾಕ್ಟ್ರೇ. ಇದನ್ನೇ ಚುಚ್ಚಿ ನೋಡಿ.”

ಡಾಕ್ಟರಮ್ಮ ನಕ್ಕರು. “ಸರಿಯಾಗೇ ಹೇಳಿದ್ರಿ. ನಾವು ಏನು ಕೇಳ್ತೀವೋ ಪರೀಕ್ಷೆ ಅದಕ್ಕೆ ಮಾತ್ರ ಉತ್ತರ ಹೇಳುತ್ತೆ. ಮೈದಾ, ಹಾಲು, ಬೆಣ್ಣೆ ದಿನಾ ತಿಂತಾಳಲ್ಲ?”

“ಬೇಕರಿಯಲ್ಲೇ ಬೆಳೆದವಳು.”

ಬಿಸ್ಕತ್ತನ್ನು ಅರೆದು ಒಂದು ಹನಿ, ಪಕ್ಕದಲ್ಲಿ ಗೋಡಂಬಿಯದೊಂದು, ಕಡಲೆಬೀಜದ್ದೊಂದು. ಸ್ವಲ್ಪ ಹೊತ್ತಿಗೆ ಎರಡು ಕಡೆ ಚರ್ಮ ಕೆಂಪಗೆ ಉಬ್ಬಿತು: ಬಿಸ್ಕತ್ತಿನ ಹನಿ ಬಿದ್ದಲ್ಲಿ, ಕಡಲೆಬೀಜದ ಹನಿ ಬಿದ್ದಲ್ಲಿ.

“ಇದರಲ್ಲಿ ಕಡಲೆಬೀಜ ಇದೆಯೇನಮ್ಮಾ?”

ಇಲ್ಲ ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಬಾದಾಮಿ ಪುಡಿ ಮಾಡುವಾಗ ಮಾವ ಕೋಣೆಯ ಬಾಗಿಲು ಯಾಕೆ ಹಾಕಿಕೊಳ್ಳುತ್ತಾರೆಂದು ಆಗ ಹೊಳೆಯಿತು.

ಅಂಗಡಿಗೆ ಮರಳಿ ಕೇಳಿದರೆ ಮಾವ ತಡವರಿಸಲೂ ಇಲ್ಲ. “ಎಲ್ಲರೂ ಬೆರೆಸ್ತಾರೆ ಕಣಮ್ಮಾ. ಬರೀ ಬಾದಾಮಿ ಹಾಕಿದ್ರೆ ನಾವು ತಿರುಪೆ ಎತ್ತಬೇಕಷ್ಟೆ. ಇನ್ನು ಪುಟ್ಟಿಗೆ ಕೊಡಲ್ಲ, ಆಯ್ತಲ್ಲ? ಮನೆ ಮಾತು ಮನೆಯಲ್ಲೇ ಇರಲಿ.”

“ಬೇರೆಯವರ ಮಕ್ಕಳು?”

ಅಷ್ಟರಲ್ಲಿ ಕಂಕುಳಲ್ಲಿ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಕಾಲು ಕೆಜಿ ಬಾದಾಮಿ ಬಿಸ್ಕತ್ತು ಕೇಳಿದಳು. ಅವಳ ಹಿಂದೆ ಇನ್ನೂ ಮೂರು ನಾಲ್ಕು ಜನ ಗಿರಾಕಿಗಳಿದ್ದರು.

ಮೊಂಡಿ ಗಲ್ಲಾದ ಮುಂದೆ ಬಂದು ನಿಂತಳು. “ಇದರಲ್ಲಿ ಕಡಲೆಬೀಜ ಇದೆ ಅಕ್ಕ. ಮಗುವಿಗೆ ಆಗುತ್ತಾ?”

“ಬಾದಾಮಿ ಅಂತ ಬರೆದಿದೆಯಲ್ಲ?”

“ಬರೆದಿರೋದು ಸುಳ್ಳು.”

“ಏಯ್!” ಮಾವ ಗದರಿದರು. “ನಡಿ ಒಳಗೆ! ಇದು ನನ್ನ ಅಂಗಡಿ.”

“ಅಂಗಡಿ ನಿಮ್ಮದೇ ಮಾವ. ಇಲ್ಲಾ ಅಂದೋರು ಯಾರು? ಆದ್ರೆ ಇವತ್ತೂ ಹೇಳ್ತೀನಿ, ನಾಳೆನೂ ಹೇಳ್ತೀನಿ. ಸುಳ್ಳಾಗಿದ್ರೆ ಇವರ ಮುಂದೆನೇ ಸುಳ್ಳು ಅಂದುಬಿಡಿ.”

ಗಿರಾಕಿಗಳೆಲ್ಲ ಮಾವನ ಬಾಯಿ ನೋಡಿದರು. ಆ ಬಾಯಿ ತೆರೆಯಲಿಲ್ಲ. ಮೊಂಡಿ ಬಿಸ್ಕತ್ತಿನ ತಟ್ಟೆಯನ್ನು ಎತ್ತಿ ಕೆಳಗಿಟ್ಟಳು.

“ಮುಂದೆ ಯಾರು?” ಎಂದು ಕೇಳಿದಳು.