ಅಕ್ಕನ ಮೂರನೆಯ ಹೊಡೆತ

ಅಕ್ಕ ಹೊಡೆದ ಪಕ್ ಎಂಬ ರಬ್ಬರ್ ಬಿಲ್ಲೆ ನನ್ನ ಕಾಲುಪಟ್ಟಿಗೆ ತಾಗಿದಾಗಲೆಲ್ಲ, ಏಳು ವರ್ಷ, ಒಂದೇ ಸದ್ದು ಬರುತ್ತಿತ್ತು. ಯಾರೋ ಬಾಗಿಲು ತಟ್ಟಿ, ನಾಚಿಕೊಂಡು ಹಿಂದೆ ಸರಿದ ಹಾಗೆ. ನಾನು ನಮ್ಮ ಐಸ್ ಹಾಕಿ ತಂಡದ ಗೋಲ್‌ಕೀಪರ್. ಕಬ್ಬಿಣದ ಜಾಲರಿಯ ಹಿಂದೆ ಮುಖವಿಟ್ಟು ನಿಲ್ಲುವವರಿಗೆ ಜನರನ್ನು ಹೊಡೆತದ ಸದ್ದಿನಲ್ಲೇ ಗುರುತಿಸುವ ಅಭ್ಯಾಸವಾಗಿಬಿಡುತ್ತದೆ.

ಅಕ್ಕನಿಗೆ ಆಗ ಮೂವತ್ತನಾಲ್ಕು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ. ಸಂಜೆ ಅವಳು ನಾವು ಆಡುವ ರಿಂಕ್‌ಗೆ ಬಂದರೆ ಮಂಜುಗಡ್ಡೆಯ ತಣ್ಣನೆ ಗಾಳಿಯಲ್ಲೂ ಸೋಪಿನ, ಇಸ್ತ್ರಿಯ ವಾಸನೆ. ಓಟದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಗೋಲಿನ ಮುಂದೆ ಬಂದಾಗಲೇ ಎಲ್ಲ ಸಪ್ಪೆ.

ನಮ್ಮ ಕೋಚ್, ರಿಂಕ್‌ನ ಮೂಲೆಕೋಣೆಯಲ್ಲಿ ಸ್ಕೇಟ್‌ಗಳ ಅಲಗಿಗೆ ಸಾಣೆ ಹಿಡಿಯುತ್ತಿದ್ದ ಮುದುಕರು. ಎಲ್ಲರಿಗೂ ಸಾಣೆ ಮಾಮ. "ಏನಮ್ಮಾ, ನಿನ್ನ ಪಕ್ ದಾರೀಲಿ ಕಾಫಿ ಕುಡ್ಕೊಂಡು ಬರ್ತಾ ಇದ್ಯಾ?" ಎಂದು ಅವರು ಕೂಗಿದರೆ ಇಡೀ ತಂಡ ನಗುತ್ತಿತ್ತು. ಅಕ್ಕನೂ ನಗುತ್ತಿದ್ದಳು, ಸ್ವಲ್ಪ ತಡವಾಗಿ.

ಆ ವರ್ಷ ಅವಳು ಹಟ ಹಿಡಿದಳು. ಅಡುಗೆಮನೆಯಲ್ಲಿ ಎರಡು ಡಬ್ಬಿಗಳಿಗೆ ನೀರು ತುಂಬಿ ಬೆಳಿಗ್ಗೆ, ಸಂಜೆ ಎತ್ತಿದ್ದೇ ಎತ್ತಿದ್ದು. ಮೂರು ತಿಂಗಳಲ್ಲಿ ಅಂಗಿಯ ತೋಳು ಬಿಗಿಯಾಯಿತು. ಪಕ್ ಮಾತ್ರ ಇನ್ನೂ ನಿಧಾನವಾಗಿ, ಸಾಲದ್ದಕ್ಕೆ ಈಗ ಓರೆಯಾಗಿ ಹೋಗತೊಡಗಿತು.

ಒಂದು ಸಂಜೆ ಸಾಣೆ ಮಾಮ ನಮ್ಮಿಬ್ಬರನ್ನೂ ಕೋಣೆಗೆ ಕರೆದರು. "ಇನ್ನು ಆರು ವಾರಕ್ಕೆ ಹೊಸ ತಂಡ ಆರಿಸ್ತೀನಿ. ನಿನಗೆ ಮೂರು ಹೊಡೆತ. ಒಂದಾದ್ರೂ ನಿನ್ನ ತಂಗೀನ ದಾಟಬೇಕು. ಇಲ್ಲಾಂದ್ರೆ ನಿನ್ನ ಜಾಗ ಬೇರೆಯವರಿಗೆ."

ಅಕ್ಕನ ದಿನವೆಂದರೆ ಲಾಂಡ್ರಿ, ಮನೆ, ಮತ್ತೆ ಲಾಂಡ್ರಿ. ಯಾರೂ ಅವಳನ್ನು ಏನೂ ಕೇಳದೆ ಇದ್ದದ್ದು ಮಂಜುಗಡ್ಡೆಯ ಮೇಲಿನ ಆ ಎರಡು ಗಂಟೆ ಮಾತ್ರ.

"ಸ್ಟಿಕ್ ಆಚೆ ಇಡು" ಎಂದರು ಮಾಮ. " ಒಂಟಿಕಾಲಲ್ಲಿ ನಿಂತು ಕಣ್ಣು ಮುಚ್ಕೋ. ಭಾರ ಎಲ್ಲಿದೆ?"

"ಎಲ್ಲಿದ್ಯೋ ಮಾಮ, ಅರವತ್ತೆರಡು ಕಿಲೋ ಅಂತೂ ಇದೆ."

"ತಮಾಷೆ ಸಾಕು. ಪಾದದಲ್ಲಿ ಎಲ್ಲಿ?"

ಅವಳು ತೂರಾಡಿ ಗೋಡೆ ಹಿಡಿದಳು. ಭಾರವೆಲ್ಲ ಹಿಮ್ಮಡಿಯಲ್ಲಿತ್ತು. ಇಷ್ಟು ವರ್ಷ ಹೊತ್ತು ತಿರುಗಿದ ಮೈ ಎಲ್ಲಿ ನಿಂತಿದೆ ಎಂದು ಅವಳು ಒಮ್ಮೆಯೂ ನೋಡಿಕೊಂಡಿರಲಿಲ್ಲ.

ಅಂದಿನಿಂದ ನೀರಿನ ಡಬ್ಬಿ ಮೂಲೆ ಸೇರಿತು. ಬೆಳಿಗ್ಗೆ ನಿಧಾನವಾಗಿ ಬಸ್ಕಿ. ಸಂಜೆ ಒಂಟಿಕಾಲಲ್ಲಿ ನಿಂತೇ ಇಸ್ತ್ರಿ. "ಏನೇ ಕೊಕ್ಕರೆ, ಮೀನು ಸಿಕ್ತಾ?" ಎಂದರೆ ಕಾಲುಚೀಲ ನನ್ನ ಮುಖಕ್ಕೆ ಬರುತ್ತಿತ್ತು.

ನಾಲ್ಕನೆಯ ವಾರ, ಅಕ್ಕ ಮರೆತು ಬಿಟ್ಟುಹೋಗಿದ್ದ ಊಟದ ಡಬ್ಬಿ ಕೊಡಲು ಲಾಂಡ್ರಿಗೆ ಹೋಗಿದ್ದೆ. ಅಕ್ಕ ಮತ್ತು ಅವಳ ಜೊತೆಗಾತಿ ಒದ್ದೆ ಹಾಸುಬಟ್ಟೆಯ ತುದಿಗಳನ್ನು ಹಿಡಿದು ಒದರುತ್ತಿದ್ದರು. ಪಟಾರ್!

"ನಿಮ್ಮಕ್ಕ ಒದರಿದ್ರೆ ನನ್ನ ತೋಳೇ ಕಿತ್ತು ಬರುತ್ತೆ ನೋಡು. ಹನ್ನೊಂದು ವರ್ಷದಿಂದ ಅನುಭವಿಸ್ತಾ ಇದ್ದೀನಿ" ಎಂದಳು ಜೊತೆಗಾತಿ.

ಅಕ್ಕ ಥಟ್ಟನೆ ನಿಂತಳು. "ಇನ್ನೊಂದ್ಸಲ" ಎಂದು ಕಣ್ಣು ಮುಚ್ಚಿದಳು. ಹಿಂದಿನ ಪಾದ ನೆಲವನ್ನು ಒತ್ತಿತು, ಸೊಂಟ ತಿರುಗಿತು, ಭಾರ ಮುಂದಿನ ಪಾದಕ್ಕೆ ಬಂತು. ತೋಳಿನ ಸರದಿ ಎಲ್ಲಕ್ಕಿಂತ ಕೊನೆಗೆ, ಅದಕ್ಕೆ ಹೆಚ್ಚು ಕೆಲಸವೇ ಉಳಿದಿರಲಿಲ್ಲ. ಅದೊಂದೇ ಹಾಸುಬಟ್ಟೆಯನ್ನು ಒಂಬತ್ತು ಸಲ ಒದರಿದರು.

"ಅದೇನು ಬಟ್ಟೇನಾ, ಬಾವುಟಾನಾ?" ಎಂದು ಮೇಸ್ತ್ರಿ ಕೂಗಿದ.

ಪರೀಕ್ಷೆಯ ಸಂಜೆ ಸ್ಕೇಟ್ಸ್ ಕಟ್ಟಿಕೊಳ್ಳುತ್ತ ಅಕ್ಕ ಹೇಳಿದಳು: "ಬೇಕಂತ ಬಿಟ್ಟುಕೊಟ್ಯೋ, ಮನೆಗೆ ಬರಬೇಡ."

"ಬಿಡೋದಾ? ನಿನ್ನ ಹೊಡೆತಾನ ನಿದ್ದೆಗಣ್ಣಲ್ಲೂ ತಡೀತೀನಿ."

ಮೊದಲನೆಯದು ನನ್ನ ಕಾಲುಪಟ್ಟಿಗೆ ಬಂದು ನಾಚಿಕೊಂಡಿತು. ಎರಡನೆಯದನ್ನು ಅವಸರದಲ್ಲಿ ಬರೀ ತೋಳಿನಿಂದ ಎಳೆದಳು. ಗೋಲಿನ ಪಕ್ಕದಲ್ಲೇ ಹಾದುಹೋಯಿತು. ಮೂರನೆಯದಕ್ಕೆ ಮೊದಲು ಅವಳು ಸುಮ್ಮನೆ ನಿಂತು ಒಂದು ಕ್ಷಣ ಕಣ್ಣು ಮುಚ್ಚಿದಳು. ಹಿಂದಿನ ಮಂಡಿ ಬಾಗಿತು. ಸ್ಟಿಕ್ ಬಿಲ್ಲಿನಂತೆ ಬಗ್ಗಿದ್ದು ಕಂಡಿತು. ಆಮೇಲೆ ಲಾಂಡ್ರಿಯ ಅದೇ ಸದ್ದು.

ನಾನು ಹಿಡಿದೆ. ನಿಜವಾಗಿ ಹಿಡಿದೆ. ಆದರೆ ಅಕ್ಕನ ಹೊಡೆತ ತಾನೇ ಎಂದು ಕೈಗವಸಿನ ಪಟ್ಟಿ ಬಿಗಿದಿರಲಿಲ್ಲ. ಪಕ್ ಅನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೈಗವಸು ನನ್ನ ಕೈಯಿಂದ ಕಿತ್ತು ಹೋಗಿ ಗೋಲಿನ ಗೆರೆಯಾಚೆ ಬಿತ್ತು.

ಸಾಣೆ ಮಾಮ ಬಗ್ಗಿ ನೋಡಿದರು. "ದಾಟಿದೆ" ಎಂದರು, ಅಷ್ಟೇ.

ಅಕ್ಕ ಆಮೇಲೆ ಆರು ವರ್ಷ ಆಡಿದಳು. ಈಗ ಸಾಣೆ ಮಾಮ ಇಲ್ಲ. ಆ ಮೂಲೆಕೋಣೆಯಲ್ಲಿ ಹಳೆಯ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ. ಭಾನುವಾರ ನಾವಿಬ್ಬರೂ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತೇವೆ. ಹಾಸುಬಟ್ಟೆಯ ತುದಿ ನನ್ನ ಕೈಗೆ ಕೊಡುವಾಗ ಅವಳು ಎಷ್ಟೋ ಸಲ ಕೇಳಿದ್ದಾಳೆ: "ನಿಜ ಹೇಳೇ, ಅವತ್ತು ಬೇಕಂತಲೇ ಬಿಟ್ಯಾ?"

ನಾನು ಎಡಗೈಯ ತೋರುಬೆರಳು ಚಾಚುತ್ತೇನೆ. ಅಂದು ಕೈಗವಸು ಕಿತ್ತು ಹೋದಾಗ ಸೊಟ್ಟಗಾದದ್ದು ಇನ್ನೂ ನೆಟ್ಟಗಾಗಿಲ್ಲ. ಅವಳು ಅದನ್ನು ಮುಟ್ಟಿ ನೋಡುತ್ತಾಳೆ.

"ಸರಿ, ಗಟ್ಟಿಯಾಗಿ ಹಿಡ್ಕೋ" ಎಂದು ಹಿಂದಿನ ಕಾಲು ಊರುತ್ತಾಳೆ.