‘ಬೇಡ’ ಎಂಬ ಫೋಲ್ಡರ್

ಮದುವೆ ಸೀಸನ್ ಮುಗಿದ ಮೊದಲ ಸೋಮವಾರ, ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ, ನಾನು ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯ ಫೋಟೋ ಸ್ಟುಡಿಯೋದಲ್ಲಿ, ಕಂಪ್ಯೂಟರಿನ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದೆ. ಕೆಲಸ ತಾನಾಗಿ ನಡೆಯುತ್ತಿತ್ತು. ನೋಡುವುದಷ್ಟೇ ಉಳಿದಿತ್ತು.

ಯಾವ ಕೆಲಸವೆಂದು ಹೇಳಬೇಕು. ಆಲ್ಬಮ್ ಜೋಡಿಸುವ ನಮ್ಮ ಸಾಫ್ಟ್‌ವೇರ್ ಹಳೆಯದು. ಹೊಸ ಕಂಪ್ಯೂಟರಿನಲ್ಲಿ ಓಡುತ್ತಿರಲಿಲ್ಲ. ಅದಕ್ಕಾಗಿ ಹೊಸದರ ಒಳಗೇ ಹಳೆಯ ಕಂಪ್ಯೂಟರಿನಂತೆ ನಡೆಯುವ ಒಂದು ವರ್ಚುವಲ್ ಮಷೀನ್ ಮಾಡಿಕೊಂಡಿದ್ದೆ. ಹೊರಗಿನಿಂದ ನೋಡಿದರೆ ಅದು ಒಂದೇ ದೊಡ್ಡ ಫೈಲ್. ಆ ಫೈಲ್ ಬೆಳೆಯುತ್ತದೆ, ತಾನಾಗಿ ಕುಗ್ಗುವುದಿಲ್ಲ. ಒಳಗೆ ಎಷ್ಟು ಅಳಿಸಿದರೂ ಹೊರಗೆ ಅಷ್ಟೇ ಗಾತ್ರ. ಅಳಿಸಿದ ಫೋಟೋದ ಹೆಸರು ಪಟ್ಟಿಯಿಂದ ಹೋಗಿರುತ್ತದೆ, ಫೋಟೋ ಅಲ್ಲೇ ಇರುತ್ತದೆ. ಜಾಗ ವಾಪಸ್ ಬೇಕಾದರೆ ಒಳಗಿನ ಖಾಲಿ ಜಾಗದ ತುಂಬ ಸೊನ್ನೆ ಬರೆಸಿ, ಆಮೇಲೆ ಫೈಲನ್ನು ಕುಗ್ಗಿಸಬೇಕು. ಸೊನ್ನೆ ಬಿದ್ದ ಮೇಲೆ ಹಳೆಯದು ಯಾರಿಗೂ ಸಿಗುವುದಿಲ್ಲ.

ಡಿಸ್ಕ್ ತುಂಬಿ ಹೋಗಿತ್ತು. ಬೆಳಿಗ್ಗೆ ನಾನು ಪ್ರತಿ ಮದುವೆಯೊಳಗಿನ ‘ಬೇಡ’ ಎಂಬ ಫೋಲ್ಡರನ್ನು ಅಳಿಸಿದ್ದೆ. ಮನೆಯವರು ಫೋಟೋ ಆಯುವಾಗ ಬಿಟ್ಟವನ್ನು ಅದರಲ್ಲಿ ಹಾಕುವುದು ನಮ್ಮ ರೂಢಿ. ಕಾಪಿ ಇಟ್ಟಿರಲಿಲ್ಲ. ಅವರೇ ಬೇಡ ಅಂದ ಮೇಲೆ ಯಾಕೆ ಎಂದುಕೊಂಡಿದ್ದೆ.

ಆಗ ಕುಪ್ಪಗಡ್ಡೆಯ ಹೆಂಗಸೊಬ್ಬರು ಮಗಳನ್ನು ಕರೆದುಕೊಂಡು ಒಳಗೆ ಬಂದರು. ಆ ಮಗಳ ಮದುವೆಯ ಫೋಟೋ ನಾವೇ ತೆಗೆದಿದ್ದೆವು. ತಾಯಿಯ ಗಂಡ ತೀರಿಕೊಂಡು ನಾಲ್ಕು ದಿನವಾಗಿತ್ತು. ಶಿವಗಣಾರಾಧನೆಯ ದಿನ ಪೂಜೆಗೆ ಇಡಲು ಅವರ ಫೋಟೋ ಬೇಕಾಗಿತ್ತು. ಆಲ್ಬಮ್ಮಿನಲ್ಲಿರುವುದನ್ನೇ ದೊಡ್ಡದು ಮಾಡಿಕೊಡುತ್ತೇನೆ ಎಂದು ಸ್ಟುಡಿಯೋದ ಮಾಲೀಕರು ಹೇಳಿದರು. ಆಕೆ ಒಪ್ಪಲಿಲ್ಲ.

“ಅದ್ರಲ್ಲೆಲ್ಲ ಕೋರ್ಟಲ್ಲಿ ಸಾಕ್ಷಿ ಹೇಳಕ್ಕೆ ನಿಂತಂಗೆ ನಿಂತಿದಾರೆ. ಊಟದ ಪಂಕ್ತೀಲಿ ನಗಾಡ್ತಿದ್ದದ್ದು ಒಂದಿತ್ತು. ನನ್ನ ಕಣ್ಣು ಮುಚ್ಚಿದಾವೆ ಅಂತ ನಾನೇ ಬೇಡ ಅಂದಿದ್ದೆ. ಅದು ಕೊಡ್ರಿ.”

ಅಪ್ಪ ನಗುತ್ತಿರುವ ಫೋಟೋ ಮೊಬೈಲಿನಲ್ಲೂ ಒಂದಿಲ್ಲ ಎಂದು ಮಗಳು ಹೇಳಿದಳು.

ನಾನು ಪರದೆಯತ್ತ ನೋಡಿದೆ. ಸೊನ್ನೆ ಬರೆಯುವುದು ಅರ್ಧ ದಾಟಿತ್ತು. ಕೈ ಕೂಡಲೇ ಏಳಲಿಲ್ಲ. ಎಷ್ಟು ಹೊತ್ತೆಂದು ಖಚಿತವಾಗಿ ಹೇಳಲಾರೆ. ಪರದೆಯ ಮೇಲಿನ ಶೇಕಡಾ ಅಂಕಿ ಎರಡು ಸಲ ಬದಲಾದದ್ದು ನೆನಪಿದೆ. ಆಮೇಲೆ ನಿಲ್ಲಿಸಿದೆ.

ಮಾಲೀಕರ ಕಿವಿಯಲ್ಲಿ ವಿಷಯ ಹೇಳಿದೆ. ಅವರು ಆಕೆಯ ಕಡೆ ತಿರುಗಿದರು. “ಅಕ್ಕಾರ, ಅಳಿಸಿಬಿಟ್ಟೀವಿ. ಸಿಕ್ರೂ ಸಿಗಬಹುದು, ಸಿಗದೇನೂ ಇರಬಹುದು. ಕೂಡ್ರಿ.” ಅಳಿಸಿದವನು ಯಾರೆಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಫೈಲನ್ನು ಇನ್ನೂ ಕುಗ್ಗಿಸಿರಲಿಲ್ಲ. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರಿನಿಂದ ಅದನ್ನು ಮೊದಲಿನಿಂದ ಓದಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಇಳಿಸುತ್ತ ಹೋದೆ. ಫೋಟೋಗಳು ಹೆಸರಿಲ್ಲದೆ ಬಂದವು. ಯಾವ ಮದುವೆಯದು ಯಾವುದೆಂದು ತಿಳಿಯುವಂತಿರಲಿಲ್ಲ. ಆಕೆಯೇ ಒಂದೊಂದನ್ನೂ ನೋಡಬೇಕಾಯಿತು. ಯಾರದೋ ಬೆನ್ನು, ಅರ್ಧ ಎಲೆ, ಆಕಳಿಸುವ ಬೀಗರು. ಕೆಲವು ಮೇಲಿನಿಂದ ಸ್ವಲ್ಪ ಮಾತ್ರ ಮೂಡಿ, ಕೆಳಗೆ ಬರೀ ಬೂದು ಬಣ್ಣವಾಗಿದ್ದವು. ಆಕೆ ಯಾವುದನ್ನೂ ಬೇಗ ದಾಟಿಸಗೊಡಲಿಲ್ಲ. ನೀರು ಕೊಟ್ಟರೆ ಕೈಯಲ್ಲೇ ಹಿಡಿದು ಕೂತಿದ್ದರು.

ಮೂರೂಕಾಲಿಗೆ ಅದು ಬಂತು. ನೀರಿನ ಜಗ್ಗು ಹಿಡಿದು ನಿಂತ ಗಂಡಸು, ಯಾರನ್ನೋ ನೋಡಿ ಹಲ್ಲು ಕಾಣುವಂತೆ ನಗುತ್ತಿದ್ದರು. ಮುಖ ಪೂರ್ತಿ ಇತ್ತು. ಎದೆಯ ಹತ್ತಿರ ಗೆರೆ ಎಳೆದಂತೆ ಚಿತ್ರ ನಿಂತು, ಅಲ್ಲಿಂದ ಕೆಳಗೆಲ್ಲ ಬೂದು. ಅವರ ಮುಂದೆ ಎಲೆಗೆ ಕೂತಿದ್ದ ಹೆಂಡತಿ ಆ ಬೂದಿನಲ್ಲಿ ಹೋಗಿದ್ದರು.

ಆಕೆ ನೀರಿನ ಲೋಟ ಕೆಳಗಿಟ್ಟು ಪರದೆಯ ಹತ್ತಿರ ಬಗ್ಗಿದರು.

“ನಾನು ಹೋದೆ ಬಿಡ್ರಿ. ಅವ್ರು ಇದಾರಲ.”

ಮಗಳು ಅತ್ತಳು. ಮಾಲೀಕರು ಮುಖದಷ್ಟು ಭಾಗ ಕತ್ತರಿಸಿ ಪ್ರಿಂಟಿಗೆ ಹಾಕಿದರು. ಅದು ಹೊರಬರುವಷ್ಟರಲ್ಲಿ ನಾನು, ಅಳಿಸಿದವನು ನಾನೇ ಎಂದು ಆಕೆಗೆ ಹೇಳಿದೆ.

“ಬೇಡ ಅಂದೋಳು ನಾನಲ್ವ, ತಮ್ಮಾ” ಎಂದರು.

ಆ ಫೋಟೋವನ್ನು ಇಡಿಯಾಗಿ ಕಂಡವರು ನಾಲ್ವರು. ಆಲ್ಬಮ್ ಜೋಡಿಸಿದವನಾದ್ದರಿಂದ ನಾನು ನೋಡಿರಲೇಬೇಕು. ಆದರೆ ಆಕೆ ಅದರಲ್ಲಿ ಹೇಗೆ ಕೂತಿದ್ದರೆಂದು ಎಷ್ಟು ನೆನೆದರೂ ಬರುವುದಿಲ್ಲ. ತೆಗೆದ ಮಾಲೀಕರು ಹೋದ ವರ್ಷ ತೀರಿಕೊಂಡರು. ಆಯ್ಕೆಯ ದಿನ ತಾಯಿಯ ಪಕ್ಕದಲ್ಲಿದ್ದ ಮಗಳು ಕುಬಟೂರಿನಲ್ಲಿದ್ದಾಳೆ. ನಾಲ್ಕನೆಯವರು ಆಕೆಯೇ, ಕುಪ್ಪಗಡ್ಡೆಯಲ್ಲಿದ್ದಾರೆ.